ಮೇಡಂ ಹೆಸರಿನಲ್ಲಿದ್ದ ಕಾರು

ಮೇಡಂ ಅವರ ಬಲಗೈ ಎಡಗೈಗಿಂತ ಕಪ್ಪಗಿತ್ತು. ಮೊಣಕೈಯಿಂದ ಬೆರಳ ತುದಿಯವರೆಗೆ ಕಾದ ಹೆಂಚಿಗೆ ಹಿಡಿದಂಥ ಬಣ್ಣ. ಬಳೆ ಕೂರುವ ಜಾಗದಲ್ಲಿ ಮಾತ್ರ ಸಣ್ಣದೊಂದು ಬಿಳಿ ಗೆರೆ. ಎರಡೂ ಕೈ ಜೋಡಿಸಿ ರೈತರಿಗೆ ನಮಸ್ಕಾರ ಹೇಳುವಾಗ ಒಂದು ಕೈ ಅವರದು, ಇನ್ನೊಂದು ಬೇರೆ ಯಾರದೋ ಅನ್ನಿಸುತ್ತಿತ್ತು. ಕಾರಿನ ಕಿಟಕಿಗೆ ಆ ಕೈ ಊರಿಕೊಂಡು ವರ್ಷಾನುಗಟ್ಟಲೆ ಬಿಸಿಲಲ್ಲಿ ರಾಮನಗರ, ಮಾಗಡಿ, ಕನಕಪುರ, ಚನ್ನಪಟ್ಟಣ ಸುತ್ತಿದವರು ಅವರು. ಎ.ಸಿ. ಹಾಕುತ್ತಿರಲಿಲ್ಲ. ಹಾಕಿದರೆ ಪೆಟ್ರೋಲು ಜಾಸ್ತಿ ಕುಡಿಯುತ್ತದೆ, ಅದನ್ನು ಕಂಪನಿ ಕೊಡುವುದಿಲ್ಲ ಎನ್ನುತ್ತಿದ್ದರು. ಆ ಮಾತಿನ ಅರ್ಥ ನನಗೆ ಆಗ ಪೂರ್ತಿ ಆಗಿರಲಿಲ್ಲ.

ನಾನು ಕೈಲಾಂಚದ ಕಡೆಯವಳು. ಅಪ್ಪ ಹಿಪ್ಪುನೇರಳೆ ಬೆಳೆದು ಹುಳು ಸಾಕುವವರು. ಓದಿದ್ದೂ ರೇಷ್ಮೆಯನ್ನೇ. ಪದವಿ ಮುಗಿದ ವರ್ಷ ಒಂದು ಖಾಸಗಿ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಹುಳುಮನೆಗೆ ಬೇಕಾದ ಔಷಧಿ, ಹುಳುವಿನ ಹಾಸಿಗೆಗೆ ಉದುರಿಸುವ ಪುಡಿ ಇಂಥವನ್ನು ಮಾರುವ ಕಂಪನಿ. ಊರೂರಿಗೆ ಹೋಗಿ ಹುಳು ನೋಡಿ, ಕಾಯಿಲೆ ಏನೆಂದು ಹೇಳಿ, ನಮ್ಮ ಔಷಧಿ ಕೊಳ್ಳುವಂತೆ ರೈತರನ್ನು ಒಪ್ಪಿಸುವುದು ನನ್ನ ಕೆಲಸ. ಆ ನಾಲ್ಕು ತಾಲ್ಲೂಕಿಗೆ ಮೇಡಂ ಏರಿಯಾ ಮ್ಯಾನೇಜರ್. ಕೆಲಸ ಕಲಿಯುವವರೆಗೆ ನನ್ನ ಸ್ಕೂಟಿ ರಾಮನಗರದ ಆಫೀಸಿನ ಮುಂದೆ ನಿಲ್ಲುತ್ತಿತ್ತು, ನಾನು ಅವರ ಕಾರಿನಲ್ಲಿ ಹೋಗುತ್ತಿದ್ದೆ.

ಮೊದಲ ದಿನ ಅವರು ನನಗೆ ಹುಳುವಿನ ಬಗ್ಗೆ ಏನೂ ಹೇಳಲಿಲ್ಲ. ಯಾವ ಊರಿನಲ್ಲಿ ಯಾರ ಮನೆಯ ಬಚ್ಚಲಿಗೆ ಹೋಗಬಹುದು ಎಂದು ಹೇಳುತ್ತ ಹೋದರು. ಈ ಮನೆಯ ಸೊಸೆ ಒಳ್ಳೆಯವಳು, ಕೇಳಬೇಕಾಗಿಲ್ಲ, ಚೊಂಬು ತಂದು ಕೊಡುತ್ತಾಳೆ. ಆ ಮನೆಯಲ್ಲಿ ಗಂಡಸರು ಮಾತ್ರ ಇದ್ದರೆ ಇಳಿಯಬೇಡ. ಮಾಗಡಿ ದಾರಿಯಲ್ಲಿ ಇಂಥ ಶಾಲೆಯ ಅಡುಗೆಯವರನ್ನು ಪರಿಚಯ ಮಾಡಿಕೊಂಡಿರು. "ಮೊದ್ಲು ಇದನ್ನ ಕಲ್ತ್ಕೊ ಮಗ. ಹುಳ ನೋಡೋದು ಆಮೇಲೆ ತಾನಾಗೇ ಬತ್ತದೆ" ಎಂದರು. ನೀರು ಕುಡಿಯದೆ ದಿನವಿಡೀ ತಿರುಗಿ ಮೂತ್ರದ ಸೋಂಕು ತಂದುಕೊಂಡ ಹುಡುಗಿಯರನ್ನು ಅವರು ನೋಡಿದ್ದರು. ಆ ಕಂಪನಿಯ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟವರು ಯಾರೂ ಇರಲಿಲ್ಲ.

ಹುಳುಮನೆಯ ಬಾಗಿಲಲ್ಲಿ ಅವರು ಬೇರೆಯೇ ಮನುಷ್ಯರು. ಕಾರಿನ ಹಿಂದೆ ಒಂದು ಜೊತೆ ಹವಾಯಿ ಚಪ್ಪಲಿ ಇರುತ್ತಿತ್ತು. ಅದನ್ನು ಔಷಧಿ ನೀರಿನಲ್ಲಿ ಅದ್ದಿ, ಕೈ ತೊಳೆದು, ಸೆರಗು ಬಿಗಿದು ಒಳಗೆ ಹೋಗುವರು. ಒಂದು ಮನೆಯ ಕಾಯಿಲೆ ಇನ್ನೊಂದು ಮನೆಗೆ ತಮ್ಮ ಕಾಲಿನಿಂದ ಹೋಗಬಾರದು ಎಂಬ ಭಯ ಅವರಿಗೆ. ಔಷಧಿ ಬೇಡದ ಕಡೆ ಬೇಡ ಎಂದೇ ಹೇಳುತ್ತಿದ್ದರು. ಇದರಿಂದ ಬೆಂಗಳೂರಿನ ರೀಜನಲ್ ಮ್ಯಾನೇಜರಿಗೆ ಅವರ ಮೇಲೆ ಸದಾ ಸಿಟ್ಟು. ಆದರೆ ರೈತರು ಅವರ ಮಾತಿಗೆ ಬೆಲೆ ಕೊಡುತ್ತಿದ್ದರು, ಮಾರಾಟವೂ ಆಗುತ್ತಿತ್ತು, ಹಾಗಾಗಿ ಅವನು ಸುಮ್ಮನಿದ್ದ.

ಮೇಡಂ ಹುಟ್ಟಿದ್ದು ಮಾಗಡಿ ಹತ್ತಿರದ ಹಳ್ಳಿಯಲ್ಲಿ, ಕೊಟ್ಟಿದ್ದು ಚನ್ನಪಟ್ಟಣಕ್ಕೆ. ಮಗಳು ಚಿಕ್ಕವಳಿದ್ದಾಗಲೇ ಗಂಡ ತೀರಿಕೊಂಡಿದ್ದರು. ಅತ್ತೆಯನ್ನು ಕೊನೆಯವರೆಗೆ ನೋಡಿಕೊಂಡು, ಮಗಳನ್ನು ಓದಿಸಿ, ಗಂಡ ಕಟ್ಟಿಸಿದ್ದ ಎರಡು ಕೋಣೆಯ ಮನೆಯನ್ನು ಉಳಿಸಿಕೊಂಡು ಬಂದಿದ್ದರು. ಇದನ್ನೆಲ್ಲ ಅವರು ಒಂದೇ ಸಲ ಹೇಳಿದವರಲ್ಲ. ಗೇರು ಬದಲಾಯಿಸುವಾಗ ಒಂದು, ರೈಲ್ವೆ ಗೇಟಿನಲ್ಲಿ ಕಾಯುವಾಗ ಒಂದು, ಹೀಗೆ ಬಿಡಿಬಿಡಿಯಾಗಿ ಹೇಳಿದ್ದು. ಕಾರಿನ ಕಥೆಯೂ ಹಾಗೆಯೇ ನನಗೆ ಸಿಕ್ಕಿತು.

ಫೀಲ್ಡ್ ಆಫೀಸರಾಗಿದ್ದವರಿಗೆ ಏರಿಯಾ ಮ್ಯಾನೇಜರ್ ಹುದ್ದೆ ಕೊಟ್ಟಾಗ ಬಂದ ಪತ್ರದಲ್ಲಿ ಸಂಬಳದ ಕೆಳಗೆ ವಾಹನ ಭತ್ಯೆ ಎಂದು ಒಂದು ಸಾಲಿತ್ತಂತೆ. ಒಟ್ಟು ಮೊತ್ತ ನೋಡಿ ಅವರಿಗೇ ನಂಬಿಕೆ ಬರಲಿಲ್ಲ. ರೀಜನಲ್ ಮ್ಯಾನೇಜರ್ ಫೋನಿನಲ್ಲಿ, ಇನ್ನು ಮೇಲೆ ನೀವು ಕಾರಿರುವವರು ಎಂದು ನಕ್ಕ. ಅತ್ತೆ ಬೀದಿಯವರಿಗೆಲ್ಲ ನಮ್ಮ ಸೊಸೆಗೆ ಕಂಪನಿ ಕಾರು ಕೊಟ್ಟಿದೆ ಎಂದು ಹೇಳಿಕೊಂಡು ಬಂದರು. ಸಾಲ ಮಾಡಿ ಕಾರು ತಂದು, ಕಬ್ಬಾಳಮ್ಮನ ಗುಡಿಯ ಮುಂದೆ ನಿಲ್ಲಿಸಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದರು. ಆರ್‌ಸಿ ಪುಸ್ತಕದಲ್ಲಿ ಅವರ ಹೆಸರು. ಸಾಲದ ಪತ್ರದಲ್ಲಿ ಅವರ ಸಹಿ. ಇನ್ಶೂರೆನ್ಸ್ ಕಟ್ಟುವವರು ಅವರು, ಟೈರು ಹಾಕಿಸುವವರು ಅವರು.

"ಕಂಪನಿ ಕಾರು ಕೊಟ್ಟೈತೆ ಅಂತ ಊರೋರೆಲ್ಲ ಅಂದ್ಕೊಂಡವ್ರೆ. ಒಸಿ ದಿನ ನಾನೂ ಹಂಗೇ ಅಂದ್ಕೊಂಡಿದ್ದೆ" ಎಂದು ಅವರು ಒಮ್ಮೆ ಹೇಳಿದರು. "ಅವ್ರು ಕೊಟ್ಟಿದ್ದು ಕಾರಲ್ಲ ಕಣಮ್ಮ. ಕಾರು ಸಾಕೋ ಕೆಲ್ಸ ಕೊಟ್ರು."

ಆ ಭತ್ಯೆ ಅವರು ಮ್ಯಾನೇಜರ್ ಆದ ವರ್ಷ ಎಷ್ಟಿತ್ತೋ ಅಷ್ಟೇ ಉಳಿಯಿತು. ಪೆಟ್ರೋಲು ಏರಿತು, ಹಳ್ಳಿಗಳು ಹೆಚ್ಚಾದವು, ಮಾಗಡಿ ಕಡೆಯ ಕಲ್ಲುದಾರಿಗಳಲ್ಲಿ ಕಾರಿನ ಅಡಿ ಬಡಿದು ಬಡಿದು ಸದ್ದು ಮಾಡತೊಡಗಿತು. ಸಂಬಳದ ಜೊತೆ ಬರುವುದರಿಂದ ಭತ್ಯೆಯ ಮೇಲೂ ತೆರಿಗೆ ಹಿಡಿಯುತ್ತಿದ್ದರು. ಆದರೆ ಪಿ.ಎಫ್. ಲೆಕ್ಕಕ್ಕೆ ಬಂದಾಗ ಅದು ಸಂಬಳವಲ್ಲ ಎನ್ನುತ್ತಿದ್ದರು. ಒಮ್ಮೆ ಟೈಫಾಯ್ಡ್ ಆಗಿ ಮಲಗಿದಾಗ ಆ ದಿನಗಳ ಭತ್ಯೆ ಕಡಿದರು, ಬ್ಯಾಂಕಿನವರು ಮಾತ್ರ ಕಂತು ಕಡಿಯಲಿಲ್ಲ. ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಇದ್ದೀರಿ ಎಂದು ನಾನು ಕೇಳಿದ್ದೆ. ಮಗಳ ನರ್ಸಿಂಗ್ ಓದು ಮುಗಿಯಲಿ ಎಂದರು. ಸ್ವಲ್ಪ ಹೊತ್ತಾದ ಮೇಲೆ, ಈ ಕೆಲಸ ನನಗೆ ಇಷ್ಟ ಎಂದೂ ಹೇಳಿದರು. ಹುಳು ಹಣ್ಣಾಗಿ, ಗೂಡು ಕಟ್ಟಲೆಂದು ಬಿದಿರಿನ ಚಂದ್ರಿಕೆಗೆ ಬಿಟ್ಟ ದಿನ ಯಾವುದಾದರೂ ಮನೆಯಲ್ಲಿದ್ದರೆ ಅವರ ಮುಖ ನೋಡಬೇಕಿತ್ತು.

ಕಾರಿನ ಹಿಂದಿನ ಸೀಟಿಗೆ ಔಷಧಿಯ ಪೆಟ್ಟಿಗೆಗಳು ಬಂದದ್ದು ಆಮೇಲೆ. ಮೊದಲು ಸರಕನ್ನು ಒಂದು ವ್ಯಾನು ಅಂಗಡಿಗಳಿಗೆ ತಲುಪಿಸುತ್ತಿತ್ತು. ಖರ್ಚು ಉಳಿಸಲು ಒಳಗಿನ ಹಳ್ಳಿಗಳಿಗೆ ವ್ಯಾನು ನಿಲ್ಲಿಸಿದರು. ಮೇಡಂ ಹೇಗೂ ಆ ಕಡೆ ಹೋಗುತ್ತಾರಲ್ಲ ಎಂದಾಯಿತು. ಅವರು ಒಮ್ಮೆ ವಿರೋಧಿಸಿದರು. ನಾನು ಪಕ್ಕದಲ್ಲೇ ಇದ್ದೆ, ಫೋನು ಸ್ಪೀಕರಿನಲ್ಲಿತ್ತು. ನನ್ನ ಕಾರಿನ ಇನ್ಶೂರೆನ್ಸಿನಲ್ಲಿ ಸ್ಯಾಂಪಲ್ ಒಯ್ಯಬಹುದು, ಮಾರುವ ಸರಕು ಒಯ್ಯುವ ಹಾಗಿಲ್ಲ ಎಂದು ಬರೆದಿದೆ, ಏಜೆಂಟ್ ತೋರಿಸಿದ್ದಾನೆ ಎಂದರು. ರೀಜನಲ್ ಮ್ಯಾನೇಜರ್ ಬೇಸರದಿಂದ ಉಸಿರು ಬಿಟ್ಟ. "ನಾಲ್ಕು ಬಾಕ್ಸಿಗೆ ಯಾರು ಕೇಳ್ತಾರೆ ಮೇಡಂ? ಅಲವೆನ್ಸ್ ಮತ್ತೆ ಯಾಕೆ ಕೊಡ್ತಿರೋದು?" ಎಂದ. ಅದನ್ನೇ ಬರೆದು ಕಳಿಸಿ ಎಂದು ಇವರು ಕೇಳಬೇಕಿತ್ತು. ಕೇಳಲಿಲ್ಲ. ಮುಂದಿನ ವಾರದಿಂದ ಪೆಟ್ಟಿಗೆಗಳು ಬಂದವು.

ಅವತ್ತು ಮಧ್ಯಾಹ್ನ ನಾವು ಕನಕಪುರದಿಂದ ಕಬ್ಬಾಳಿನ ಕಡೆ ಹೋಗುತ್ತಿದ್ದೆವು. ಆಗಷ್ಟೇ ರೊಟ್ಟಿ, ಹುಚ್ಚೆಳ್ಳು ಚಟ್ನಿ ತಿಂದು ಕೈ ತೊಳೆದಿದ್ದೆವು. ಮೇಡಂ ಯಾವಾಗಲೂ ನಿಧಾನ. ಸ್ಕೂಟರಿನವರೂ ನಮ್ಮನ್ನು ದಾಟಿ ಹೋಗುತ್ತಿದ್ದರು. ರಸ್ತೆಯ ಬಲಕ್ಕೆ ಹಿಪ್ಪುನೇರಳೆ ತೋಟ, ಅದರ ನಡುವಿನ ಕಾಲುದಾರಿಯಿಂದ ಒಂದು ಬೈಕು ಹೊರಬಂತು. ಮುಂದೆ ಟ್ಯಾಂಕಿನ ಮೇಲೆ ಸೊಪ್ಪಿನ ಹೊರೆ, ಹಿಂದೆಯೂ ಹೊರೆ. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದ ಹುಳುವಿಗೆ ಸೊಪ್ಪು ಎಷ್ಟು ಹಾಕಿದರೂ ಸಾಲದು, ಅದರ ಆತುರ ಬೈಕಿನ ಹುಡುಗನಿಗೆ. ಹೊರೆಯ ಮರೆಯಲ್ಲಿ ಅವನಿಗೆ ನಾವು ಕಾಣಲಿಲ್ಲ, ನಮಗೆ ಅವನ ಮುಖ ಕಾಣಲಿಲ್ಲ. ಮೇಡಂ ಬ್ರೇಕು ತುಳಿದರು. ತುಳಿದ ಮೇಲೂ ಕಾರು ಹೋಯಿತು.

ಅವನು ರಸ್ತೆಯ ಮೇಲೆ ಸೊಪ್ಪಿನ ನಡುವೆ ಬಿದ್ದಿದ್ದ. ಹೆಚ್ಚು ರಕ್ತ ಇರಲಿಲ್ಲ. ಕಿವಿಯಿಂದ ಮಾತ್ರ ಬರುತ್ತಿತ್ತು. ಜನ ಸೇರಿದರು, ಬೈದರು, ಒಬ್ಬ ಕಾರಿನ ಕೀ ಕಿತ್ತುಕೊಳ್ಳಲು ಬಂದ. ಮೇಡಂ ಯಾರ ಮಾತಿಗೂ ಉತ್ತರಿಸದೆ ಹಿಂದಿನ ಬಾಗಿಲು ತೆಗೆದು ಪೆಟ್ಟಿಗೆಗಳನ್ನು ಒಂದೊಂದಾಗಿ ಎಳೆದು ರಸ್ತೆ ಬದಿಗೆ ಎಸೆಯತೊಡಗಿದರು. ಅವನನ್ನು ಮಲಗಿಸಲು ಜಾಗ ಬೇಕಿತ್ತು. ನಾನೂ ಎಸೆದೆ. ಒಂದು ಪೆಟ್ಟಿಗೆ ಒಡೆದು ಬಿಳಿ ಪುಡಿ ಚೆಲ್ಲಿತು. ಆಂಬುಲೆನ್ಸ್ ಬರಲಿ ಎಂದು ಯಾರೋ ಅಂದರು. ಕಾಯುವುದು ಬೇಡ ಎಂದು ಮೇಡಂ ಇಬ್ಬರು ಗಂಡಸರನ್ನು ಕರೆದು ಅವನನ್ನು ಎತ್ತಿಸಿದರು. ಅವನ ತಲೆ ನನ್ನ ತೊಡೆಯ ಮೇಲಿತ್ತು. ಯಾವತ್ತೂ ನಿಧಾನವಾಗಿ ಹೋಗುತ್ತಿದ್ದವರು ಅಂದು ಕನಕಪುರದವರೆಗೆ ಹಾರ್ನಿನಿಂದ ಕೈ ತೆಗೆಯದೆ ಓಡಿಸಿದರು. ಅಲ್ಲಿನ ಆಸ್ಪತ್ರೆಯವರು ಬೆಂಗಳೂರಿಗೆ ಕಳಿಸಿದರು. ಮಾರನೆಯ ದಿನ ಅವನು ತೀರಿಕೊಂಡ.

ಮದುವೆಯಾಗದ ಹುಡುಗ, ಒಬ್ಬನೇ ಮಗ, ತಂದೆ ಇಲ್ಲ. ಅವನ ಮನೆಯ ಹುಳುವಿಗೆ ಅಕ್ಕಪಕ್ಕದವರು ಸೊಪ್ಪು ಹಾಕಿದರು. ಬೆಳೆ ಚೆನ್ನಾಗಿಯೇ ಬಂದು, ಗೂಡು ರಾಮನಗರದ ಮಾರುಕಟ್ಟೆಗೆ ಹೋಯಿತಂತೆ. ಇದನ್ನು ನನಗೆ ಹೇಳಿದವರು ಮೇಡಂ. ಎಲ್ಲಿಂದಲೋ ವಿಚಾರಿಸಿಕೊಂಡಿದ್ದರು.

ನಾವು ಪೆಟ್ಟಿಗೆ ಎಸೆಯುವುದನ್ನು ಯಾರೋ ಮೊಬೈಲಿನಲ್ಲಿ ಹಿಡಿದಿದ್ದರು. ಎರಡೇ ದಿನದಲ್ಲಿ ಅದು ಊರೂರು ಸುತ್ತಿತು. ಅದರಲ್ಲಿ ಪೆಟ್ಟಿಗೆಯ ಮೇಲಿನ ಕಂಪನಿಯ ಗುರುತು, ಅವುಗಳ ರಾಶಿ, ಎಲ್ಲ ಸ್ಪಷ್ಟ. ಸತ್ತವನ ಮನೆಯವರಿಗೆ ಪರಿಹಾರ ಕೊಡಬೇಕಾದ ಇನ್ಶೂರೆನ್ಸ್ ಕಂಪನಿಯವರು ಅದನ್ನೇ ಹಿಡಿದುಕೊಂಡರು. ಇದು ಸ್ವಂತ ಬಳಕೆಯ ಕಾರು, ಇದರಲ್ಲಿ ಸರಕು ಸಾಗಿಸಿದ್ದಾರೆ, ಷರತ್ತು ಮುರಿದಿದ್ದಾರೆ, ನಾವು ಹೊಣೆಯಲ್ಲ ಎಂದರು. ಆ ಹುಡುಗನನ್ನು ಬದುಕಿಸಲು ಎಸೆದ ಪೆಟ್ಟಿಗೆಗಳೇ ಮೇಡಂ ವಿರುದ್ಧದ ಸಾಕ್ಷಿಯಾದವು. ಎಸೆಯದೆ ಆಂಬುಲೆನ್ಸಿಗೆ ಕಾದಿದ್ದರೆ ಯಾರೂ ಅವನ್ನು ನೋಡುತ್ತಿರಲಿಲ್ಲ.

ರೀಜನಲ್ ಮ್ಯಾನೇಜರ್ ಪೊಲೀಸ್ ಸ್ಟೇಷನ್ನಿಗೆ ಬಂದಿದ್ದ. ಮೇಡಂ ಅವರನ್ನು ಮರದ ಕೆಳಗೆ ಕರೆದು ಮಾತಾಡಿದ. ಅವೆಲ್ಲ ಸ್ಯಾಂಪಲ್ ಎಂದು ಹೇಳಿಬಿಡಿ, ಕಂಪನಿ ನಿಮ್ಮ ಬೆನ್ನಿಗಿರುತ್ತದೆ ಎಂದನಂತೆ. ಮೇಡಂ ರಾಮನಗರದ ಒಬ್ಬ ವಕೀಲರನ್ನು ಕಂಡು ಒಂದೇ ಪ್ರಶ್ನೆ ಕೇಳಿದರು: ಸ್ಯಾಂಪಲ್ ಅಂದರೆ ಆ ಹುಡುಗನ ತಾಯಿಗೆ ದುಡ್ಡು ಬರುತ್ತದೋ, ಸರಕು ಅಂದರೆ ಬರುತ್ತದೋ? ಎರಡರಲ್ಲೂ ಬರುತ್ತದೆ ಎಂದರು ವಕೀಲರು. ಮೊದಲು ಇನ್ಶೂರೆನ್ಸಿನವರೇ ಕೊಡಲಿ, ಆಮೇಲೆ ಗಾಡಿಯ ಮಾಲೀಕರಿಂದ ವಸೂಲು ಮಾಡಿಕೊಳ್ಳಲಿ ಎಂದು ಕೋರ್ಟು ಹೇಳುವುದು ಸಾಮಾನ್ಯ, ನಿಜ ಹೇಳಿದರೆ ಹೋಗುವುದು ನಿಮ್ಮದು ಎಂದು ಎಚ್ಚರಿಸಿದರು.

ಮೇಡಂ ತಮ್ಮ ಹೇಳಿಕೆಯಲ್ಲಿ ಸರಕು ಎಂದೇ ಬರೆಸಿದರು.

ಅದನ್ನು ದೊಡ್ಡತನ ಎಂದು ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅವರಿಗೆ ಕಂಪನಿಯ ಮೇಲೆ ಕೋಪವಿತ್ತು. ನಿಜ ಹೇಳಿದರೆ, ಸರಕು ಹೊರಿಸಿದವರನ್ನೂ ಕೋರ್ಟು ಕರೆಯುತ್ತದೆ ಎಂದು ನಂಬಿದ್ದರು. ಕರೆಯಿತು. ಕಂಪನಿಯ ವಕೀಲರು ಬಂದು, ಈ ವಾಹನ ನಮ್ಮದಲ್ಲ, ಇದರಲ್ಲಿ ಸರಕು ಒಯ್ಯಿರಿ ಎಂದು ನಾವು ಎಲ್ಲೂ ಹೇಳಿಲ್ಲ, ನಾವು ಕೊಡುತ್ತಿದ್ದುದು ಪ್ರಯಾಣಕ್ಕೆ ಭತ್ಯೆ ಮಾತ್ರ ಎಂದರು. ಆ ಹೊತ್ತಿಗೆ ಕಂಪನಿ ಬಿಟ್ಟಿದ್ದ ನಾನು ಸಾಕ್ಷಿ ಹೇಳಿದೆ. ಸ್ಪೀಕರಿನಲ್ಲಿ ಕೇಳಿದ್ದನ್ನು ಕೇಳಿದ ಹಾಗೇ ಹೇಳಿದೆ. ಬರವಣಿಗೆಯಲ್ಲಿ ಏನಾದರೂ ಇದೆಯೇ ಎಂದು ಕೇಳಿದರು. ಇರಲಿಲ್ಲ. ಮಾತೆಲ್ಲ ಫೋನಿನಲ್ಲೇ ಆಗಿತ್ತು.

ತೀರ್ಪು ಬರಲು ವರ್ಷಗಳು ಹಿಡಿದವು. ಅದಕ್ಕೆ ಮೊದಲೇ ಅವರ ಕೆಲಸ ಹೋಯಿತು. ಕಾರು ಪೊಲೀಸರ ವಶದಲ್ಲಿತ್ತು, ಸ್ಟೇಷನ್ನಿನ ಹಿಂದೆ ಧೂಳು ಹಿಡಿದು ನಿಂತಿತ್ತು. ಓಡದ ಕಾರಿಗೆ ಭತ್ಯೆ ಇಲ್ಲ ಎಂದು ಆ ತಿಂಗಳಿಂದಲೇ ನಿಲ್ಲಿಸಿದರು. ಮೇಡಂ ಬಸ್ಸಿನಲ್ಲಿ ಹಳ್ಳಿಗಳಿಗೆ ಹೋದರು. ಬಸ್ಸು ಬಿಟ್ಟ ಕಡೆಯಿಂದ ನಡೆದು, ಕೈಚೀಲದಲ್ಲಿ ಆ ಹವಾಯಿ ಚಪ್ಪಲಿ ಇಟ್ಟುಕೊಂಡು, ಬಿಸಿಲಲ್ಲಿ ಬೆವರಿ ರೈತರ ಮನೆ ಸೇರುತ್ತಿದ್ದರು. ಕಾರು ಬಿಡಿಸಿಕೊಂಡ ಮೇಲೂ ಅದರ ಚಾಲಕನ ಸೀಟಿನಲ್ಲಿ ಕೂರಲು ಅವರಿಂದ ಆಗಲಿಲ್ಲ. ಮಾರಿದರು, ಬಂದದ್ದು ಬ್ಯಾಂಕಿನ ಸಾಲಕ್ಕೇ ಸಾಲಲಿಲ್ಲ. ಕೊನೆಗೆ ಕಂಪನಿಯಿಂದ ಬಂದ ಪತ್ರದಲ್ಲಿ, ಈ ಹುದ್ದೆಗೆ ಸ್ವಂತ ವಾಹನ ಇರುವುದು ಕಡ್ಡಾಯ, ನಿಮ್ಮ ಬಳಿ ಇಲ್ಲ ಎಂದಿತ್ತು.

ಈ ನಡುವೆ ಅವರು ಆ ಹುಡುಗನ ತಾಯಿಯನ್ನು ನೋಡಲು ಹೋಗುತ್ತಿದ್ದರು. ಮೊದಲ ಸಲ ಬಾಗಿಲು ತೆಗೆಯಲಿಲ್ಲ. ಎರಡನೆಯ ಸಲ ಜಗಲಿಯಲ್ಲಿ ಕೂರಲು ಬಿಟ್ಟರು. ಮುಂದಿನ ಸಲ ನಾನು ಜೊತೆಗಿದ್ದೆ. ಆ ತಾಯಿ ನೀರು ತಂದು ಕೊಟ್ಟರು. ಮೇಡಂ ಕುಡಿದು ಲೋಟ ಕೆಳಗಿಟ್ಟ ಮೇಲೆ ಆ ತಾಯಿ ಮೆಲ್ಲಗೆ ಹೇಳಿದರು: "ಇನ್ನು ಬರಬ್ಯಾಡಿ ತಾಯಿ. ನೀವು ಕೆಟ್ಟೋರು ಅಂತಲ್ಲ. ನೀವು ಬಂದಾಗೆಲ್ಲ ಅವನು ಇನ್ನೊಂದ್ ಸಲ ಹೋದಂಗಾಯ್ತದೆ."

ಮೇಡಂ ಎದ್ದು ಕೈ ಮುಗಿದರು. ಮತ್ತೆ ಅವರು ಆ ಊರಿಗೆ ಹೋಗಲಿಲ್ಲ.

ಕಂಪನಿಯಲ್ಲಿ ಕೆಲವು ತಿಂಗಳು ಮೇಡಂ ಅವರ ಜಾಗ ಖಾಲಿ ಇತ್ತು. ಆಮೇಲೆ ಆ ಹುದ್ದೆಯ ಪತ್ರ ನನಗೇ ಬಂತು. ಅದೇ ಸಂಬಳ, ಅದರ ಕೆಳಗೆ ಅದೇ ಸಾಲು. ನಮ್ಮ ಮನೆಯಲ್ಲಿ ಅವ್ವ ದೇವರ ಮುಂದೆ ದೀಪ ಹಚ್ಚಿದರು. ಕಾರು ಎಲ್ಲಿ ನಿಲ್ಲಿಸುವುದು ಎಂದು ಅಪ್ಪ ಕೊಟ್ಟಿಗೆಯ ಪಕ್ಕದ ಜಾಗ ಅಳೆಯುತ್ತಿದ್ದರು. ನಾನು ಪತ್ರ ತೆಗೆದುಕೊಂಡು ಚನ್ನಪಟ್ಟಣಕ್ಕೆ ಹೋದೆ.

ಮೇಡಂ ಆಗ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರು. ಅಂದು ರಜೆ. ಅವರ ಬೀದಿಯ ತುಂಬ ಗೊಂಬೆ ಮಾಡುವವರ ಮನೆಗಳು. ಎಲ್ಲಿ ಕೂತರೂ ಅರಗಿನ ವಾಸನೆ, ಮರ ಕಡೆಯುವ ಯಂತ್ರದ ಸದ್ದು. ಕಾಫಿ ಕೊಟ್ಟು, ಕನ್ನಡಕ ಹಾಕಿಕೊಂಡು ಪತ್ರವನ್ನು ಓದಿದರು. ಮತ್ತೆ ಮೊದಲಿಂದ ಓದಿದರು. ಇಂಗ್ಲಿಷಿನ ಆ ಸಾಲಿನ ಮೇಲೆ ಬೆರಳಿಟ್ಟು, ಇದನ್ನು ಕನ್ನಡದಲ್ಲಿ ಹೇಳು ಎಂದರು.

ನಾನು ಹೇಳಿದೆ: "ನನ್ನ ಕಾರನ್ನ ಕಂಪನಿ ಕೆಲಸಕ್ಕೆ ಓಡಿಸ್ಬೇಕು. ಅದಕ್ಕೆ ತಿಂಗಳಿಗೆ ಇಷ್ಟು ಅಂತ ಕೊಡ್ತಾರೆ."

"ಮುಂದೆ?"

"ಮುಂದೆ ಏನೂ ಇಲ್ಲ ಮೇಡಂ."

"ಅದೇ ನೋಡು. ಮುಂದೆ ಏನೂ ಇಲ್ಲ."

ಆಮೇಲೆ ಕಂಪನಿ ಬರೆಯದೆ ಬಿಟ್ಟಿದ್ದನ್ನೆಲ್ಲ ಮೇಡಂ ನನಗೆ ಓದಿಸಿದರು. ಕಾರು ಯಾರ ಹೆಸರಿನಲ್ಲಿರಬೇಕು, ಹಾಳಾದರೆ ಯಾರು ಕೊಡಬೇಕು, ಪೆಟ್ರೋಲು ಏರಿದರೆ ಭತ್ಯೆ ಏರುತ್ತದೋ, ಓಡಿದ ದೂರಕ್ಕೆ ಲೆಕ್ಕ ಇದೆಯೋ ಇಲ್ಲವೋ, ಹೆರಿಗೆಗೆ ಮಲಗಿದರೆ ನಿಲ್ಲುತ್ತದೋ. ಕಂಪನಿ ಕೆಲಸಕ್ಕೆ ಓಡಿಸುವ ಕಾರು ಎಂದು ಇನ್ಶೂರೆನ್ಸಿನವರಿಗೆ ಹೇಳಿ ಅದಕ್ಕೆ ತಕ್ಕ ಪಾಲಿಸಿ ಮಾಡಿಸಬೇಕು, ಅದರ ಹೆಚ್ಚಿನ ದುಡ್ಡು ಯಾರದು ಎಂದು ಮೊದಲೇ ಕೇಳಬೇಕು. ಸಂಬಳ ಎಷ್ಟು ಎಂದು ಯಾರಾದರೂ ಕೇಳಿದರೆ ಭತ್ಯೆ ಬಿಟ್ಟು ಹೇಳು, ಅದು ನಿನ್ನ ದುಡ್ಡಲ್ಲ, ನಿನ್ನ ಕೈ ಮೇಲೆ ಹಾದು ಬಂಕಿಗೂ ಗ್ಯಾರೇಜಿಗೂ ಹೋಗುವ ದುಡ್ಡು ಎಂದರು. ಎಲ್ಲ ಕಡೆ ಹೀಗೇ ಇರುವುದಿಲ್ಲ, ನ್ಯಾಯವಾಗಿ ಬರೆದುಕೊಡುವವರೂ ಇದ್ದಾರೆ, ಅಂಥ ಕಡೆ ಭತ್ಯೆಯೇ ಲಾಭ ಎಂದೂ ಹೇಳಿದರು. ಅವರ ದನಿಯಲ್ಲಿ ಕಹಿ ಇರಲಿಲ್ಲ. ಹುಳುವಿನ ಕಾಯಿಲೆ ವಿವರಿಸುವಾಗ ಮಾತಾಡುವ ಹಾಗೆಯೇ ಮಾತಾಡಿದರು.

ನಾನು ಏನು ಮಾಡಲಿ ಎಂದು ಕೇಳಿದೆ.

"ಭತ್ಯೆ ಬ್ಯಾಡ, ನಿಮ್ಮ ಹೆಸರಿನ ಗಾಡಿ ಕೊಡಿ ಅನ್ನು. ಆಗಲ್ಲ ಅಂದ್ರೆ ಸರಕು ಹೊರಲ್ಲ ಅಂತ ಒಂದು ಸಾಲು ಬರೆಸ್ಕೊ. ಕೇಳಿದ್ರೆ ಕೆಲ್ಸ ಹೋಗ್ಬೋದು ಮಗ, ಅದನ್ನೂ ಹೇಳ್ಬುಡ್ತೀನಿ. ಕೇಳದೇ ಇದ್ರೆ ಏನೇನು ಹೋಯ್ತದೆ ಅಂತ ನೀನೇ ನೋಡಿದ್ದೀಯ."

ನಾನು ಕೇಳಿದೆ. ರೀಜನಲ್ ಮ್ಯಾನೇಜರ್, ಹಳೆಯ ಮೇಡಂ ಹತ್ತಿರ ಟ್ಯೂಷನ್ನಿಗೆ ಹೋಗಿದ್ದಿರಾ ಎಂದ. ಒಂದು ಸಾಲನ್ನೂ ಬರೆದುಕೊಡಲಿಲ್ಲ. ಮಂಡ್ಯದ ಕಡೆಯ ಒಬ್ಬ ಯುವಕ ಆ ಪತ್ರಕ್ಕೆ ಕೂಡಲೇ ಸಹಿ ಹಾಕಿದ. ನನ್ನನ್ನು ದೂರದ ಜಿಲ್ಲೆಗೆ ವರ್ಗ ಮಾಡಿದರು, ನಾನು ಬಿಟ್ಟೆ. ಅಪ್ಪ ಬಹಳ ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮರಿಹುಳು ಸಾಕಿ ರೈತರಿಗೆ ಕೊಡುವ ಒಂದು ಸಣ್ಣ ಕೇಂದ್ರದಲ್ಲಿ ಅರ್ಧ ಸಂಬಳಕ್ಕೆ ಸೇರಿದೆ. ಅಲ್ಲಿಂದ ಮುಂದೆ ಒಂದು ಸಂಸ್ಥೆ ನನ್ನನ್ನು ತೆಗೆದುಕೊಂಡಿತು. ಇಂದು ನಾನು ಓಡಾಡುವ ಜೀಪು ಆ ಸಂಸ್ಥೆಯ ಹೆಸರಿನಲ್ಲಿದೆ. ಅದರ ಮೇಲೆ ಗೀರು ಬಿದ್ದರೆ ನನಗೆ ನಿದ್ದೆ ಕೆಡುವುದಿಲ್ಲ.

ತೀರ್ಪು ವಕೀಲರು ಹೇಳಿದ ಹಾಗೇ ಬಂತು. ಆ ತಾಯಿಗೆ ಇನ್ಶೂರೆನ್ಸಿನವರು ಪರಿಹಾರ ಕೊಟ್ಟರು, ಅದನ್ನು ಮೇಡಂ ಅವರಿಂದ ವಸೂಲು ಮಾಡಿಕೊಳ್ಳಲು ಕೋರ್ಟು ಅನುಮತಿ ಕೊಟ್ಟಿತು. ಆ ತಾಯಿಗೆ ದುಡ್ಡು ತಲುಪಿತು ಎಂದು ತಿಳಿದ ದಿನ ಮೇಡಂ ನನಗೆ ಫೋನು ಮಾಡಿದ್ದರು. ಅಷ್ಟಾದರೂ ಆಯಿತಲ್ಲ ಎಂದರು. ತಮ್ಮ ಪಾಲಿನದನ್ನು ನಾನು ಕೇಳಿದ ಮೇಲೆ ಹೇಳಿದರು. ಒಡವೆ ಮೊದಲು ಹೋಯಿತು. ಆಮೇಲೆ ಗಂಡ ಕಟ್ಟಿಸಿದ ಮನೆ. ಆದರೂ ಕೊಡಬೇಕಾದದ್ದು ಮುಗಿಯಲಿಲ್ಲ. ಅದೇ ಬೀದಿಯ ತುದಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದರು. ಮೆಡಿಕಲ್ ಅಂಗಡಿಗೆ ಹೋಗುವಾಗ ಮಾರಿದ ಮನೆಯ ಮುಂದೆಯೇ ಹೋಗಬೇಕು. ಹೊಸಬರು ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದ್ದಾರೆ, ಚೆನ್ನಾಗಿದೆ ಎಂದು ಒಮ್ಮೆ ಹೇಳಿದರು.

ಎದೆ ನೋವೆಂದು ಮೇಡಂ ಅಂಗಡಿಯವರಿಗೆ ಎರಡು ಸಲ ಹೇಳಿದ್ದರಂತೆ. ಗ್ಯಾಸ್ ಇರಬೇಕು ಎಂದು ಅಂಗಡಿಯ ಮಾತ್ರೆಯನ್ನೇ ನುಂಗಿದ್ದರು. ಮಗಳು ಮೈಸೂರಿನ ಆಸ್ಪತ್ರೆಯಲ್ಲಿ ನರ್ಸು. ದಿನವೂ ಬೇರೆಯವರ ಎದೆಗೆ ಯಂತ್ರ ಹಚ್ಚಿ ನೋಡುವವಳು. ಅವಳಿಗೆ ಹೇಳಿರಲಿಲ್ಲ. ಹೇಳಿದರೆ ಖರ್ಚು. ಒಂದು ಬೆಳಗ್ಗೆ ಅಂಗಡಿಯ ಬಾಗಿಲು ತೆಗೆಯಲು ಬಗ್ಗಿದವರು ಏಳಲಿಲ್ಲ.

ಹದಿಮೂರನೆಯ ದಿನದ ಕಾರ್ಯ ಮುಗಿದು ನೆಂಟರು ಹೋದ ಮೇಲೆ ಮಗಳು ಇನ್ಶೂರೆನ್ಸ್ ಕಂಪನಿಯ ಒಂದು ನೋಟಿಸು ತಂದು ನನ್ನ ಕೈಗಿಟ್ಟಳು. ಉಳಿದ ಮೊತ್ತವನ್ನು ಮೃತರ ವಾರಸುದಾರರು ಕೊಡಬೇಕು ಎಂದಿತ್ತು. "ಅಕ್ಕ, ಇದು ನನ್ನ ಸಂಬಳದಲ್ಲಿ ಹಿಡೀತಾರಾ?" ಎಂದಳು.

ನಾನು ರಾಮನಗರದ ಆ ವಕೀಲರಿಗೆ ಫೋನು ಮಾಡಿ ಕೇಳಿಕೊಂಡು, ಅವಳ ಎದುರು ಕೂತು ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಅಮ್ಮ ಬಿಟ್ಟುಹೋದ ಆಸ್ತಿ ಏನಾದರೂ ನಿನ್ನ ಕೈಗೆ ಬಂದಿದ್ದರೆ ಅಷ್ಟರಿಂದ ಮಾತ್ರ ಅವರು ತೆಗೆದುಕೊಳ್ಳಬಹುದು. ನಿನ್ನ ದುಡಿಮೆಯನ್ನು ಮುಟ್ಟುವ ಹಾಗಿಲ್ಲ. ಅಮ್ಮನಿಂದ ಏನೂ ಬಂದಿಲ್ಲ ಎಂದು ಉತ್ತರ ಬರೆದು ಕಳಿಸಿದರೆ ಸಾಕು. ಅವಳು ಬಿಳಿ ಹಾಳೆ ತಂದಳು. ಪೆನ್ನು ತೆಗೆದು, ಹೇಳು ಅಕ್ಕ, ಬರೀತೀನಿ ಎಂದಳು.

ಕಾರಿನಲ್ಲಿ, ಹುಳುಮನೆಗಳಲ್ಲಿ, ಬಸ್ಸಿನ ನಿಲ್ದಾಣಗಳಲ್ಲಿ ಆ ಹೆಂಗಸು ನನಗೆ ಕೊಟ್ಟದ್ದನ್ನೇ ನಾನು ಇವತ್ತಿಗೂ ಉಣ್ಣುತ್ತಿದ್ದೇನೆ. ಅಂಥ ನಾನೇ ಆ ಸಾಲನ್ನು ಹೇಳಿ ಬರೆಸಬೇಕಾಯಿತು.

"ನನ್ನ ತಾಯಿ ನನಗೆ ಏನನ್ನೂ ಬಿಟ್ಟು ಹೋಗಿಲ್ಲ" ಎಂದೆ.

ಅವಳು ಬರೆದಳು. ಬರೆದು ಸ್ವಲ್ಪ ಹೊತ್ತು ಆ ಸಾಲನ್ನೇ ನೋಡಿದಳು. ಆಮೇಲೆ ಕೆಳಗೆ ತನ್ನ ಸಹಿ ಹಾಕಿದಳು.